ಹಳೇ ಕಂಪ್ಯೂಟರಿನ ಕಪ್ಪು ಪೆಟ್ಟಿಗೆ: ಒಳಗಿನ ಸೆಲ್ ಸತ್ತರೆ ಏನು ಮಾಡಬೇಕು?

ಪ್ರಶ್ನೆ: ಸರ್, ನಮ್ಮದು ವಿರಾಜಪೇಟೆ ಹತ್ತಿರ ಕಾಫಿ ತೋಟ. ಅಪ್ಪ 1994ರಲ್ಲಿ ತೋಟದ ಆಫೀಸಿಗೆ ಒಂದು 486 ಕಂಪ್ಯೂಟರ್ ತಂದಿದ್ದರು. ಅಜ್ಜನ ಕಾಲದ ಮಳೆ ಲೆಕ್ಕವನ್ನೆಲ್ಲ ಅದರಲ್ಲಿ ಲೋಟಸ್ 1-2-3 ಅನ್ನುವ ಲೆಕ್ಕದ ಪ್ರೋಗ್ರಾಮಿಗೆ ಹಾಕಿಟ್ಟಿದ್ದರು. ಮಳೆ ಪುಸ್ತಕಗಳು ಆಮೇಲೆ ಗೆದ್ದಲು ಹಿಡಿದು ಹೋದವು. ಈಗ ಕಂಪ್ಯೂಟರ್ ಆನ್ ಮಾಡಿದರೆ ‘ಸಿಮಾಸ್ ಬ್ಯಾಟರಿ ಸ್ಟೇಟ್ ಲೋ’ ಅಂತ ಬರುತ್ತದೆ. ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ. ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ, ಎಸೆಯಿರಿ ಅಂದರು. ತೆರೆದು ನೋಡಿದೆ, ಬ್ಯಾಟರಿ ಎಲ್ಲೂ ಇಲ್ಲ. ಡಲ್ಲಾಸ್ ಡಿಎಸ್12887 ಅಂತ ಬರೆದ, ಅಲಾರಂ ಗಡಿಯಾರದ ಚಿತ್ರ ಇರುವ ಒಂದು ಕಪ್ಪು ಪೆಟ್ಟಿಗೆ ಮಾತ್ರ ಇದೆ. ಇದನ್ನು ಸರಿ ಮಾಡಬಹುದೇ? ಮಳೆ ಲೆಕ್ಕ ಸಿಗುತ್ತದೆಯೇ?

ಉತ್ತರ: ಎಸೆಯಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮದರ್‌ಬೋರ್ಡ್ ಚೆನ್ನಾಗಿಯೇ ಇದೆ. ಪರದೆ ಮೇಲೆ ಅಕ್ಷರ ಬರುತ್ತಿದೆ ಅಂದರೆ ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ ಕಾರ್ಡ್ ಎಲ್ಲ ಕೆಲಸ ಮಾಡುತ್ತಿವೆ. ನೀವು ಹುಡುಕಿದ ಬ್ಯಾಟರಿ ಆ ಕಪ್ಪು ಪೆಟ್ಟಿಗೆಯ ಹೊಟ್ಟೆಯೊಳಗೇ ಇದೆ. ಸತ್ತಿರುವುದು ಅದೊಂದೇ.

ಆ ಪೆಟ್ಟಿಗೆಯೊಳಗೆ ಮೂರು ವಸ್ತುಗಳಿವೆ. ಕೆಳಗೆ ಗಡಿಯಾರದ ಚಿಪ್. ಅದರ ಮೇಲೆ 32,768 ಹರ್ಟ್ಸ್‌ನ ಒಂದು ಸಣ್ಣ ಕ್ರಿಸ್ಟಲ್ ಮತ್ತು 3 ವೋಲ್ಟಿನ ಒಂದು ಲಿಥಿಯಂ ಸೆಲ್. ಮೂರನ್ನೂ ಸೇರಿಸಿ ಎಪಾಕ್ಸಿ (ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು) ಸುರಿದು ಮುಚ್ಚಿರುತ್ತಾರೆ. ಚಿಪ್ಪಿನಲ್ಲಿ 128 ಬೈಟ್ ಜಾಗವಿದೆ. 14 ಬೈಟ್ ಗಡಿಯಾರಕ್ಕೆ, 114 ಬೈಟ್ ಕಂಪ್ಯೂಟರಿನ ಸೆಟ್ಟಿಂಗ್‌ಗಳಿಗೆ. ಪರದೆ ಮೇಲೆ ಬರುವ ‘ಸಿಮಾಸ್’ ಅಂದರೆ ಈ ಜಾಗವೇ. ಯಾವ ಹಾರ್ಡ್ ಡಿಸ್ಕ್ ಇದೆ, ಯಾವ ಫ್ಲಾಪಿ ಇದೆ ಅನ್ನುವುದನ್ನೆಲ್ಲ ಕಂಪ್ಯೂಟರ್ ಅಲ್ಲಿಂದಲೇ ಓದಿಕೊಳ್ಳುತ್ತದೆ. ಕರೆಂಟ್ ಇಲ್ಲದಾಗ ಆ ನೆನಪನ್ನು ಕಾಯುವುದು ಒಳಗಿನ ಸೆಲ್. ಕರೆಂಟ್ ಇಲ್ಲದೆಯೂ 10 ವರ್ಷಕ್ಕಿಂತ ಜಾಸ್ತಿ ಬಾಳುತ್ತದೆ ಅಂತ ಡಲ್ಲಾಸ್ ಕಂಪನಿ ಹೇಳಿತ್ತು. ಆ ಮಾತು ಉಳಿಯಿತು. ಆದರೆ ನಿಮ್ಮ ಕಂಪ್ಯೂಟರಿಗೆ 30 ದಾಟಿತು, ಅಲ್ವಾ?

ಬದಲಾಯಿಸಲು ಬಾರದ ಬ್ಯಾಟರಿ ಯಾಕೆ ಇಟ್ಟರು ಅಂತ ಬೈಯುವವರು ತುಂಬಾ ಜನ. ನಾನು ಬೈಯುವುದಿಲ್ಲ. ಅದೇ ಕಾಲದ ಎಷ್ಟೋ 386, 486 ಬೋರ್ಡ್‌ಗಳಲ್ಲಿ ಕೀಬೋರ್ಡ್ ಸಾಕೆಟ್ ಹತ್ತಿರ ಪೀಪಾಯಿ ಆಕಾರದ, 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅದು ವರ್ಷ ಕಳೆದಂತೆ ಸೋರುತ್ತದೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ನಮ್ಮ ಮಳೆಗಾಲದ ಶೀತ ಸೇರಿದರೆ ಇನ್ನೂ ಬೇಗ. ಕೊಡಗಿನ ತೋಟದ ಆಫೀಸುಗಳಿಂದ ನನ್ನ ಹತ್ತಿರ ಬಂದ ಹಳೇ ಬೋರ್ಡ್‌ಗಳಲ್ಲಿ ಮನಸ್ಸಿಗೆ ಜಾಸ್ತಿ ನೋವು ಕೊಟ್ಟಿರುವುದು ಇವೇ. ಹಸಿರು ಪಾಚಿ ಹಿಡಿದ ಹಾಗೆ ಕಾಣುತ್ತವೆ. ನಿಮ್ಮದು ಡಲ್ಲಾಸ್ ಬೋರ್ಡ್. ಅದರ ಸೆಲ್ ಎಪಾಕ್ಸಿಯ ಒಳಗೇ ಸತ್ತಿದೆ, ಬೋರ್ಡಿಗೆ ಒಂದು ಹನಿಯೂ ಬಿದ್ದಿಲ್ಲ. ಆ ಪೆಟ್ಟಿಗೆಯೇ ನಿಮ್ಮ ಬೋರ್ಡನ್ನು ಉಳಿಸಿದೆ.

(ಇದನ್ನು ಓದುವ ಬೇರೆ ಯಾರ ಮನೆಯಲ್ಲಾದರೂ ಪೀಪಾಯಿ ಬ್ಯಾಟರಿಯ ಕಂಪ್ಯೂಟರ್ ಇದ್ದರೆ, ಇವತ್ತೇ ಕತ್ತರಿಸಿ ತೆಗೆಯಿರಿ. ಸೋರಿದ ಜಾಗವನ್ನು ಬಿಳಿ ವಿನೆಗರ್‌ನಿಂದ ಉಜ್ಜಿ, ಶುದ್ಧ ನೀರಿನಿಂದ ತೊಳೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪೂರ್ತಿ ಒಣಗಿಸಿ. ಹುಳಿ ತಾನೇ ಅಂತ ಕಾಚಂಪುಳಿ ಹಚ್ಚಿದ್ದನ್ನು ಒಮ್ಮೆ ನೋಡಿದ್ದೇನೆ. ಅದು ಕಾಯಿಸಿ ಗಟ್ಟಿ ಮಾಡಿದ ಹಣ್ಣಿನ ರಸ, ಬೋರ್ಡಿನ ಮೇಲೆ ಅಂಟಾಗಿ ಕೂರುತ್ತದೆ. ಬೇಡ.)

ಈಗ ನಿಮ್ಮ ಮಳೆ ಲೆಕ್ಕಕ್ಕೆ ಬರೋಣ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮೊದಲು ಲೆಕ್ಕ ಹೊರಗೆ ತೆಗೆಯಿರಿ, ಆಮೇಲೆ ಚಿಪ್ ಮುಟ್ಟಿ. ಚಿಪ್ ರಿಪೇರಿ ಆಗದೆಯೇ ಲೆಕ್ಕ ತೆಗೆಯಲು ಬಹುತೇಕ ಸಾಧ್ಯವಿದೆ. ಯಾಕೆಂದರೆ ಕಂಪ್ಯೂಟರ್ ಆನ್ ಇರುವಷ್ಟು ಹೊತ್ತು ಆ ಚಿಪ್ಪಿಗೆ 5 ವೋಲ್ಟ್ ಬರುತ್ತಿರುತ್ತದೆ. ಆಗ ಸೆಲ್ ಬೇಕಿಲ್ಲ. ನೀವು ಸೆಟ್ಟಿಂಗ್ ಹಾಕಿ ಸೇವ್ ಮಾಡಿದರೆ, ಸ್ವಿಚ್ ಆರಿಸುವವರೆಗೆ ಅದು ನಿಲ್ಲುತ್ತದೆ.

ಆನ್ ಮಾಡುವ ಮೊದಲು ಇಡೀ ಕಂಪ್ಯೂಟರನ್ನು ಒಣಗಿಸಿ. ವರ್ಷಗಟ್ಟಲೆ ನಮ್ಮ ಹವೆಯಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಒಳಗೆ ಶೀತ ಕೂತಿರುತ್ತದೆ, ಬೂಷ್ಟು ಬಂದಿರುತ್ತದೆ. ಮುಚ್ಚಳ ತೆಗೆದು, ಒಣಗಿದ ಕೋಣೆಯಲ್ಲಿ ಒಂದು ಬಲ್ಬಿನ ಬಿಸಿ ತಾಗುವ ಹಾಗೆ ಎರಡು ಮೂರು ದಿನ ಇಡಿ. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಮಸಿ ಕೂರುತ್ತದೆ.

ಆಮೇಲೆ ಹಾರ್ಡ್ ಡಿಸ್ಕಿನ ಮೇಲಿನ ಲೇಬಲ್ ಓದಿ. ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಸಂಖ್ಯೆಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಫೋಟೋ ತೆಗೆದು, ಕಾಗದದ ಮೇಲೂ ಬರೆದಿಡಿ. ಉದಾಹರಣೆಗೆ ಆ ಕಾಲದ 40 ಎಂಬಿ ಡಿಸ್ಕುಗಳಿಗೆ 977 ಸಿಲಿಂಡರ್, 5 ಹೆಡ್, 17 ಸೆಕ್ಟರ್ ಅಂತ ಹಾಕುತ್ತಿದ್ದದ್ದು ಉಂಟು. ಮೂರನ್ನೂ ಗುಣಿಸಿ, ಮತ್ತೆ 512ರಿಂದ ಗುಣಿಸಿದರೆ 4,25,19,040 ಬೈಟ್ ಬರುತ್ತದೆ. ನಿಮ್ಮ ಡಿಸ್ಕಿನ ಸಂಖ್ಯೆಗಳನ್ನೂ ಹೀಗೆ ಗುಣಿಸಿ ನೋಡಿ. ಲೇಬಲ್ ಮೇಲಿನ ಎಂಬಿಗೆ ಹತ್ತಿರ ಬಂದರೆ ನೀವು ಸರಿಯಾಗಿ ಓದಿದ್ದೀರಿ.

ಆನ್ ಮಾಡಿ ಸೆಟಪ್‌ಗೆ, ಅಂದರೆ ಕಂಪ್ಯೂಟರಿನ ಸೆಟ್ಟಿಂಗ್ ಹಾಕುವ ಪರದೆಗೆ ಹೋಗಿ. ಡಿಸ್ಕ್ ಟೈಪ್ 47 ಅಥವಾ ‘ಯೂಸರ್’ ಅಂತ ಇರುವಲ್ಲಿ ಆ ಮೂರು ಸಂಖ್ಯೆ ಹಾಕಿ. ಫ್ಲಾಪಿಗೆ 1.44 ಎಂಬಿ ಆರಿಸಿ. ಸೇವ್ ಮಾಡಿ. ಕಂಪ್ಯೂಟರ್ ತಾನೇ ರೀಬೂಟ್ ಆಗುತ್ತದೆ. ಪವರ್ ಸ್ವಿಚ್ ಮಾತ್ರ ಮುಟ್ಟಬೇಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂತರೆ ಯುಪಿಎಸ್ ಇಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಎಲ್ಲ ಮೊದಲಿನಿಂದ ಹಾಕಬೇಕು.

ಸೆಟಪ್‌ನಲ್ಲಿ ‘ಆಟೋ ಡಿಟೆಕ್ಟ್’ ಇದ್ದರೆ ಅದನ್ನೂ ಬಳಸಬಹುದು. ಆದರೆ ಅದು ನಾರ್ಮಲ್, ಲಾರ್ಜ್, ಎಲ್‌ಬಿಎ (ಡಿಸ್ಕಿನ ಸೆಕ್ಟರ್‌ಗಳನ್ನು ಒಂದೇ ಸಾಲಾಗಿ ಎಣಿಸುವ ರೀತಿ) ಅಂತ ಎರಡು ಮೂರು ದಾರಿ ತೋರಿಸಬಹುದು. 528 ಎಂಬಿಗಿಂತ ಚಿಕ್ಕ ಡಿಸ್ಕಿಗೆ ನಾರ್ಮಲ್ ಸಾಕು. ಡಿಸ್ಕ್ ಫಾರ್ಮ್ಯಾಟ್ ಮಾಡುವಾಗ ಯಾವುದನ್ನು ಹಾಕಿದ್ದರೋ ಅದನ್ನೇ ಈಗಲೂ ಹಾಕಬೇಕು. ಬೇರೆ ಹಾಕಿದರೆ ಬೂಟ್ ಆಗುವುದಿಲ್ಲ, ಅಥವಾ ಫೈಲ್ ಹೆಸರುಗಳು ಕಲಸಿದ ಹಾಗೆ ಕಾಣುತ್ತವೆ. ಗಾಬರಿ ಬೇಡ. ಓದಿ ನೋಡಿದ ಮಾತ್ರಕ್ಕೆ ಏನೂ ಅಳಿಸುವುದಿಲ್ಲ. ಸಂಖ್ಯೆ ಬದಲಿಸಿ ಮತ್ತೆ ನೋಡಿ. ಎಫ್‌ಡಿಸ್ಕ್, ಫಾರ್ಮ್ಯಾಟ್, ಸ್ಕ್ಯಾನ್‌ಡಿಸ್ಕ್ ಇವನ್ನು ಮಾತ್ರ ಯಾರು ಹೇಳಿದರೂ ಓಡಿಸಬೇಡಿ. ತಪ್ಪು ಸಂಖ್ಯೆ ಇರುವಾಗ ಡಿಸ್ಕಿನ ಮೇಲೆ ಬರೆದರೆ ಲೆಕ್ಕ ನಿಜವಾಗಿ ಹೋಗುತ್ತದೆ.

ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್‌ನಿಂದ ಲ್ಯಾಪ್‌ಟಾಪಿಗೆ ಹಾಕಿದರೆ ಸಾಲದೇ ಅಂತ ಕೇಳಬಹುದು. ಆ ಅಡಾಪ್ಟರ್‌ಗಳು ಸಾಮಾನ್ಯವಾಗಿ ಎಲ್‌ಬಿಎ ಇರುವ ಡಿಸ್ಕನ್ನು ಮಾತ್ರ ಓದುತ್ತವೆ. 90ರ ದಶಕದ ಮೊದಲ ವರ್ಷಗಳ ಎಷ್ಟೋ ಡಿಸ್ಕುಗಳಿಗೆ ಅದು ಗೊತ್ತಿಲ್ಲ. ಹಳೇ ಡಿಸ್ಕಿಗೆ ಅದರ ಹಳೇ ಕಂಪ್ಯೂಟರೇ ಸರಿ. ಲೋಟಸ್ ಫೈಲ್‌ಗಳ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ಡಬ್ಲ್ಯೂಕೆ1 ಅಂತ ಇರುತ್ತದೆ. ದಿನದ ಮಳೆ ಅಂದರೆ 30 ವರ್ಷಕ್ಕೂ ಸುಮಾರು 11,000 ಅಂಕಿಗಳು. ಅಷ್ಟು ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತದೆ. ಆದರೂ ಮೂರು ಫ್ಲಾಪಿಗೆ ಕಾಪಿ ಮಾಡಿ, ಹಳೇ ಫ್ಲಾಪಿಗಳನ್ನು ನಂಬಬಾರದು. ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಸಿಗುತ್ತದೆ. ಲಿಬ್ರೆ ಆಫೀಸಿನ ಕ್ಯಾಲ್ಕ್ ಈ ಫೈಲ್‌ಗಳನ್ನು ತೆರೆಯುತ್ತದೆ. ಅಂಕಿಗಳು ಇಂಚು, ಸೆಂಟಿನಲ್ಲಿರುತ್ತವೆ, ಅಲ್ವಾ? 1 ಇಂಚು 25.4 ಮಿಲಿಮೀಟರ್, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ಆದರೆ ಮೂಲವನ್ನು ಹಾಗೇ ಇಟ್ಟು, ಪಕ್ಕದ ಕಾಲಂನಲ್ಲಿ ಲೆಕ್ಕ ಮಾಡಿ.

ಇಷ್ಟಾದ ಮೇಲೆ ಚಿಪ್.

ಹೊಸ ಡಿಎಸ್12887 ಕೊಳ್ಳಬಹುದಲ್ಲ ಅಂತ ಮೊದಲು ಅನ್ನಿಸುತ್ತದೆ. ಆನ್‌ಲೈನಲ್ಲಿ ‘ಹೊಸದು’ ಅಂತ ಮಾರುವವು ಎಷ್ಟೋ ಸಲ ಹಳೇ ಬೋರ್ಡಿನಿಂದ ಕಿತ್ತವು. ಮೇಲಿನ ನಾಲ್ಕು ಅಂಕಿ ನೋಡಿ. 9347 ಅಂದರೆ 1993ರ 47ನೇ ವಾರದಲ್ಲಿ ಮಾಡಿದ್ದು. ಬಳಸದೆ ಇಟ್ಟಿದ್ದರೂ ಒಳಗಿನ ಸೆಲ್ಲಿಗೆ ವಯಸ್ಸಾಗಿರುತ್ತದೆ. ಕೆಲವರು ಹಳೇ ಬರಹ ಕೆರೆದು ಹೊಸ ತಾರೀಖು ಹಾಕಿ ಮಾರುತ್ತಾರೆ. ಒಳ್ಳೇ ಬದಲಿ ಅಂದರೆ, ಸೆಲ್ ಮತ್ತು ಕ್ರಿಸ್ಟಲ್ ಒಳಗಿಲ್ಲದ ಡಿಎಸ್12885 ಚಿಪ್ ಹಾಕಿ, ಬದಲಾಯಿಸಬಹುದಾದ ಸೆಲ್ ಇಟ್ಟು ಮಾಡಿದ ಸಣ್ಣ ಬೋರ್ಡ್‌ಗಳು. ಸೋಲ್ಡರಿಂಗ್ ಕೈ ಅಷ್ಟು ಪಳಗಿಲ್ಲದಿದ್ದರೆ ಅದನ್ನೇ ತರಿಸಿ. ನನಗೆ ಮಾತ್ರ ಹಳೇ ಚಿಪ್ಪನ್ನೇ ಬದುಕಿಸುವುದು ಇಷ್ಟ. ಅದು ಆ ಬೋರ್ಡಿನ ಜೊತೆ ಹುಟ್ಟಿದ್ದು, ಚಿಪ್ಪಾಗಿ ಇನ್ನೂ ಗಟ್ಟಿಯಾಗಿದೆ.

ಪೆಟ್ಟಿಗೆ ಸಾಕೆಟ್ಟಿನಲ್ಲಿದ್ದರೆ ನಿಮ್ಮ ಅದೃಷ್ಟ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಈ ತುದಿ ಸ್ವಲ್ಪ, ಆ ತುದಿ ಸ್ವಲ್ಪ ಎತ್ತುತ್ತಾ ತೆಗೆಯಿರಿ. ನೇರ ಬೋರ್ಡಿಗೇ ಬೆಸೆದಿದ್ದರೆ ಪ್ರತಿ ಕಾಲಿಗೂ (ಪಿನ್ನಿಗೂ) ಹೊಸ ಸೋಲ್ಡರ್ ಮತ್ತು ಫ್ಲಕ್ಸ್ ಹಾಕಿ, ಆಮೇಲೆ ಕರಗಿದ ಸೋಲ್ಡರನ್ನು ಸಕ್ಕರ್‌ನಿಂದ ಎಳೆಯಿರಿ. 12 ಮತ್ತು 24ನೇ ಕಾಲು ಅಗಲ ತಾಮ್ರಕ್ಕೆ ಸೇರಿರುವುದರಿಂದ ಬೇಗ ಕರಗುವುದಿಲ್ಲ. ಅಲ್ಲಿ ಬಲ ಹಾಕಿ ಮೀಟಿದರೆ ಬೋರ್ಡಿನ ಗೆರೆ ಕಿತ್ತು ಬರುತ್ತದೆ. ತೆಗೆದ ಜಾಗದಲ್ಲಿ 24 ಕಾಲಿನ ಸಾಕೆಟ್ ಹಾಕಿ. ಮತ್ತೆಂದೂ ಈ ಕಷ್ಟ ಬರುವುದಿಲ್ಲ.

ಈಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬಾರದು ಅಂತ. ಈ ಚಿಪ್ಪಿಗೆ 24 ಕಾಲಿನ ಜಾಗ ಇದೆ, ಆದರೆ ನಡುನಡುವೆ ಕೆಲವು ಕಾಲು ಇರುವುದಿಲ್ಲ. ಮೊದಲ ಸಲ ಅದನ್ನು ಮಗುಚಿ, ಕಾಲು ಮೇಲೆ ಮಾಡಿ ಹಿಡಿದು ಎಣಿಸಿದೆ. ಮಗುಚಿದಾಗ ಎಡ ಬಲ ಅದಲು ಬದಲಾಗುತ್ತದೆ. ನನಗೆ ಹೊಳೆಯಲಿಲ್ಲ. ತಪ್ಪು ಬದಿ ಕೆರೆದೆ. ಆ ಬದಿಯಲ್ಲಿ 2 ಮತ್ತು 3ನೇ ಜಾಗದಿಂದ ಕ್ರಿಸ್ಟಲ್ಲಿಗೆ ಹೋಗುವ ಲೋಹ ಇರುತ್ತದೆ. ಅದು ತುಂಡಾಯಿತು. ಆ ಚಿಪ್ ಮತ್ತೆ ಎದ್ದೇಳಲಿಲ್ಲ. ಅದು ಬೇರೆಯವರ ಕಂಪ್ಯೂಟರಿನದು, ಇವತ್ತಿಗೂ ಬೇಜಾರಿದೆ.

ಆದ್ದರಿಂದ ಹೀಗೆ ಮಾಡಿ. ಪೆಟ್ಟಿಗೆಯನ್ನು ಬರಹ ಮೇಲಾಗಿ ಇಡಿ. 1ನೇ ಕಾಲಿನ ಗುರುತು ಮೇಲೆ ಎಡಕ್ಕೆ ಬರಲಿ. ಎಡಬದಿಯಲ್ಲಿ ಮೇಲಿನಿಂದ ಕೆಳಗೆ 1ರಿಂದ 12. ಬಲಬದಿಯಲ್ಲಿ ಕೆಳಗಿನಿಂದ ಮೇಲೆ 13ರಿಂದ 24. ಕಾಲು ಎಣಿಸಬೇಡಿ, ಜಾಗ ಎಣಿಸಿ. ಒಂದು ಜಾಗದಿಂದ ಇನ್ನೊಂದಕ್ಕೆ 2.54 ಮಿಲಿಮೀಟರ್. ನಮಗೆ ಬೇಕಾದವು ಬಲಬದಿಯ ಎರಡು: 16 ಮತ್ತು 20. ಎರಡಕ್ಕೂ ಹೊರಗೆ ಕಾಲಿಲ್ಲ. ಅವು ಒಳಗೇ ಮೇಲಕ್ಕೆ ಬಾಗಿ ಸೆಲ್ಲಿಗೆ ಸೇರಿವೆ. 20 ಸೆಲ್ಲಿನ ಪ್ಲಸ್, 16 ಮೈನಸ್. 24ನೇ ಕಾಲಿನ ನಡುವಿನಿಂದ ಸ್ಕೇಲಿಟ್ಟು ಅಳೆದರೆ 10.2 ಮಿಲಿಮೀಟರಿಗೆ 20ನೇ ಜಾಗ. 13ನೇ ಕಾಲಿನಿಂದ 7.6 ಮಿಲಿಮೀಟರಿಗೆ 16ನೇ ಜಾಗ. ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಒಂದು ಟೀ ಕುಡಿದು ಬಂದು ಮತ್ತೊಮ್ಮೆ ಅಳೆಯಿರಿ.

ಕೆರೆಯಲು ಸಣ್ಣ ಅರ ಸಾಕು. ಮಿನಿ ಡ್ರಿಲ್ ಇದ್ದರೆ ಬೇಗ ಆಗುತ್ತದೆ, ಬೇಗ ಹಾಳೂ ಆಗುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಎಪಾಕ್ಸಿ ಧೂಳು ಎದೆಗೆ ಒಳ್ಳೆಯದಲ್ಲ. ಮೇಲಿನಿಂದ ಕೊರೆಯಲೇಬೇಡಿ, ಅಲ್ಲಿ ಲಿಥಿಯಂ ಸೆಲ್ ಇದೆ. ಪಕ್ಕದಿಂದ, ಕಾಲುಗಳು ಹೊರಬರುವ ಮಟ್ಟದಿಂದ ಸ್ವಲ್ಪ ಮೇಲೆ, ನಿಧಾನವಾಗಿ ಕೆರೆಯುತ್ತಾ ಹೋಗಿ. ಒಂದೆರಡು ಮಿಲಿಮೀಟರ್ ಒಳಗೆ ಹೋದಾಗ ಹೊಳೆಯುವ ಲೋಹ ಕಾಣುತ್ತದೆ. ಕಂಡ ಕೂಡಲೇ ನಿಲ್ಲಿಸಿ. 20ರಲ್ಲಿ ಆ ಲೋಹವನ್ನು ಅಡ್ಡಕ್ಕೆ ಪೂರ್ತಿ ಕತ್ತರಿಸಿ. ಕೆಳಗಿನ ತುಂಡು ಚಿಪ್ಪಿನದು, ಮೇಲಿನ ತುಂಡು ಸತ್ತ ಸೆಲ್ಲಿನದು. 16ರಲ್ಲೂ ಹಾಗೇ ಮಾಡಿ. ಕತ್ತರಿಸದೆ ಸುಮ್ನೆ ಮೇಲೆ ವೈರ್ ಬೆಸೆಯುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ಸೆಲ್ಲಿನಿಂದ ಸತ್ತ ಸೆಲ್ಲಿಗೆ ಕರೆಂಟ್ ಹರಿಯುತ್ತದೆ. ಹೊಸದು ಬೇಗ ಇಳಿಯುತ್ತದೆ. ಚಾರ್ಜ್ ಮಾಡಬಾರದ ಸೆಲ್ಲಿಗೆ ಕರೆಂಟ್ ತಳ್ಳುವುದು ಅಪಾಯ ಕೂಡ.

ಮಲ್ಟಿಮೀಟರ್ ಹಿಡಿದು ನೋಡಿ. ಮೇಲಿನ ಎರಡು ತುಂಡುಗಳ ನಡುವೆ ಸತ್ತ ಸೆಲ್ಲಿನ ಅಳಿದುಳಿದ ವೋಲ್ಟೇಜ್ ತೋರಿಸಬಹುದು. ಯಾವುದು ಪ್ಲಸ್ ಅಂತ ಅಲ್ಲೇ ಖಾತ್ರಿಯಾಗುತ್ತದೆ. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ಸಂಪರ್ಕ ಇರಬಾರದು. ಲೋಹದ ಪುಡಿ ಉಳಿಯದ ಹಾಗೆ ಐಸೊಪ್ರೊಪೈಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ. ಈಗ ಕೆಳಗಿನ ತುಂಡುಗಳಿಗೆ ಫ್ಲಕ್ಸ್ ಹಾಕಿ, ತೆಳು ವೈರ್ ಬೆಸೆಯಿರಿ. ಎರಡು ಸೆಕೆಂಡಿಗಿಂತ ಜಾಸ್ತಿ ಐರನ್ ಇಡಬೇಡಿ. ಕೆಂಪು ವೈರ್ 20ಕ್ಕೆ, ಕಪ್ಪು 16ಕ್ಕೆ. ಇನ್ನೊಂದು ತುದಿಗೆ ಸಿಆರ್2032 ಸೆಲ್ ಹೋಲ್ಡರ್. ಕೆರೆದ ಜಾಗವನ್ನು ಎಪಾಕ್ಸಿ ಹಾಕಿ ಮುಚ್ಚಿ. ನಮ್ಮ ಊರಿನ ಹವೆಯಲ್ಲಿ ಬರಿದಾದ ಲೋಹ ಒಂದು ಮಳೆಗಾಲ ಕೂಡ ತಡೆಯುವುದಿಲ್ಲ.

ಹೋಲ್ಡರನ್ನು ಪೆಟ್ಟಿಗೆಯ ತಲೆ ಮೇಲೇ ಅಂಟಿಸುವುದು ಚೆಂದ ಕಾಣುತ್ತದೆ. ಆದರೆ ಎತ್ತರ ಜಾಸ್ತಿಯಾಗಿ ಪಕ್ಕದ ಕಾರ್ಡಿಗೆ ತಾಗಬಹುದು. ನಾನು ಒಂದು ಗೇಣು ವೈರ್ ಬಿಟ್ಟು, ಕ್ಯಾಬಿನೆಟ್ಟಿನ ಪಕ್ಕಕ್ಕೆ, ಬೋರ್ಡಿನಿಂದ ದೂರ ಅಂಟಿಸುತ್ತೇನೆ. ಸೆಲ್ ಬದಲಾಯಿಸುವುದು ಸುಲಭ, ಏನಾದರೂ ಸೋರಿದರೂ ಬೋರ್ಡಿಗೆ ಬೀಳುವುದಿಲ್ಲ. ಹೋಲ್ಡರ್, ಸಾಕೆಟ್, ತೆಳು ವೈರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಸೆಲ್ಲನ್ನು ಮಡಿಕೇರಿಯ ಯಾವ ವಾಚ್ ಅಂಗಡಿಯಲ್ಲಾದರೂ ಕೊಳ್ಳಬಹುದು, ಆದರೆ ಸೀಲ್ ಇರುವುದನ್ನೇ ಕೇಳಿ. ಹೊಸ ಸೆಲ್ 3 ವೋಲ್ಟಿಗಿಂತ ಮೇಲೆ ತೋರಿಸಬೇಕು.

ಚಿಪ್ ಹಾಕುವಾಗ 1ನೇ ಕಾಲಿನ ದಿಕ್ಕು ನೋಡಿ. ಆನ್ ಮಾಡಿ, ಸೆಟಪ್‌ನಲ್ಲಿ ಸಮಯ ಮತ್ತು ಡಿಸ್ಕ್ ಸಂಖ್ಯೆ ಮತ್ತೆ ಹಾಕಿ. ಗಡಿಯಾರ ಮೊದಲಿಗೆ ನಿಂತೇ ಇರಬಹುದು. ಈ ಚಿಪ್ಪಿಗೆ ‘ಓಡು’ ಅಂತ ಕಂಪ್ಯೂಟರ್ ಒಮ್ಮೆ ಹೇಳಬೇಕು. ಸಮಯ ಹಾಕಿ ಸೇವ್ ಮಾಡಿದರೆ ಸಾಮಾನ್ಯವಾಗಿ ಓಡುತ್ತದೆ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಒಂದು ರಾತ್ರಿ ಬಿಡಿ. ಬೆಳಿಗ್ಗೆ ನಿಮ್ಮ ಫೋನಿನ ಸಮಯದ ಜೊತೆ ಹೋಲಿಸಿ.

ಹೋಲಿಸಿದಾಗ ಸ್ವಲ್ಪ ಹಿಂದೆ ಬಿದ್ದರೆ ಬೇಸರ ಬೇಡ. 25 ಡಿಗ್ರಿಯಲ್ಲಿ ತಿಂಗಳಿಗೆ 1 ನಿಮಿಷ ಹಿಂದು ಮುಂದಾಗಬಹುದು ಅಂತ ಕಂಪನಿಯೇ ಹೇಳಿದೆ. ಈ ಜಾತಿಯ ಕ್ರಿಸ್ಟಲ್ ಆ ಬಿಸಿಯಲ್ಲೇ ಸರಿಯಾಗಿ ಓಡುವುದು. ಅದಕ್ಕಿಂತ ತಂಪಾದರೂ ನಿಧಾನ, ಬಿಸಿಯಾದರೂ ನಿಧಾನ. ನಮ್ಮ ಡಿಸೆಂಬರಿನ ಚಳಿಯಲ್ಲಿ ಕೋಣೆ 15 ಡಿಗ್ರಿಯಲ್ಲಿದ್ದರೆ ತಿಂಗಳಿಗೆ ಸುಮಾರು 9 ಸೆಕೆಂಡ್ ಇದರಿಂದಲೇ ಹಿಂದೆ ಬೀಳುತ್ತದೆ.

ಇನ್ನೊಂದು ತೊಡಕು ವರ್ಷದ್ದು. 1994ರ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) 2000 ದಾಟಿದ ವರ್ಷವನ್ನು ಸರಿಯಾಗಿ ತೆಗೆದುಕೊಳ್ಳದೇ ಇರಬಹುದು. ಆಗ 28 ವರ್ಷ ಕಳೆದು ಹಾಕಿ. 2026ರ ಬದಲು 1998. ವಾರ, ತಾರೀಖು ಎರಡೂ ಸರಿಯಾಗಿ ಹೊಂದುತ್ತವೆ, ಅಧಿಕ ವರ್ಷವೂ ಹೊಂದುತ್ತದೆ. ಆ ಕಂಪ್ಯೂಟರಿನಲ್ಲಿ ಹೊಸ ಮಳೆ ಲೆಕ್ಕ ಬರೆಯದಿದ್ದರೆ ಇದರಿಂದ ತೊಂದರೆ ಇಲ್ಲ.

ಎಲ್ಲ ಮುಗಿದ ಮೇಲೆ ಒಂದು ಚೀಟಿಯಲ್ಲಿ ಡಿಸ್ಕಿನ ಮೂರು ಸಂಖ್ಯೆ, ಸೆಲ್ ಹಾಕಿದ ತಾರೀಖು, ಕೆಂಪು ವೈರ್ ಯಾವ ಜಾಗಕ್ಕೆ ಅನ್ನುವುದನ್ನು ಬರೆದು ಕ್ಯಾಬಿನೆಟ್ ಮುಚ್ಚಳದ ಒಳಗೆ ಅಂಟಿಸಿ. ಇಂಕ್ ಪೆನ್ ಬೇಡ, ಪೆನ್ಸಿಲ್ಲಿನಿಂದ ಬರೆಯಿರಿ. ಶೀತಕ್ಕೆ ಇಂಕ್ ಹರಡುತ್ತದೆ.